ಬಾಗಿಲು ಮುಚ್ಚಿದ ನಾಡುಗಳು, ಒಳಹೊಕ್ಕ ಕ್ಯಾಮೆರಾಗಳು

ಗಿಡ್ಡ ಮೇಜೊಂದರ ಸುತ್ತ ತಂದೆ, ತಾಯಿ ಹಾಗೂ ಎಂಟು ವರ್ಷದ ಮಗಳು ಊಟಕ್ಕೆ ಕುಳಿತಿದ್ದಾರೆ. ಮೇಜಿನ ತುಂಬ ಬಗೆಬಗೆಯ ಖಾದ್ಯಗಳಿವೆ. ಎಲೆಕೋಸನ್ನು ಹುಳಿಬರಿಸಿ ಮಾಡುವ ಕಿಮ್ಚಿ ಆರೋಗ್ಯಕ್ಕೆ ಎಷ್ಟು ಒಳ್ಳೆಯದೆಂದು ತಂದೆ ವಿವರಿಸುತ್ತಾನೆ. ಅದು ಮುಪ್ಪನ್ನೂ ಕ್ಯಾನ್ಸರನ್ನೂ ತಡೆಯುತ್ತದೆ ಎಂದು ಮಗಳು ಪಾಠ ಒಪ್ಪಿಸಿದಂತೆ ಹೇಳುತ್ತಾಳೆ. ಆಗ ಕೋಟು ಧರಿಸಿದ ಅಧಿಕಾರಿಯೊಬ್ಬ ಚೌಕಟ್ಟಿನೊಳಗೆ ಬಂದು, ಇನ್ನಷ್ಟು ಸಹಜವಾಗಿ, ಇನ್ನಷ್ಟು ಸಂತೋಷದಿಂದ ಮಾತನಾಡಬೇಕೆಂದು ತಾಕೀತು ಮಾಡುತ್ತಾನೆ. ಅದೇ ಊಟ, ಅದೇ ಮಾತು ಮತ್ತೆ ಆರಂಭವಾಗುತ್ತದೆ. ಕ್ಯಾಮೆರಾ ನಿಂತಿದೆ ಎಂದು ಆ ಅಧಿಕಾರಿ ತಿಳಿದಿದ್ದ. ಅದು ನಿಂತಿರಲಿಲ್ಲ.

ಇದು ‘ಅಂಡರ್ ದಿ ಸನ್’ ಎಂಬ ಸಾಕ್ಷ್ಯಚಿತ್ರದ ದೃಶ್ಯ. ಸೋವಿಯತ್ ಕಾಲದಲ್ಲಿ ಹುಟ್ಟಿ ಬೆಳೆದ ನಿರ್ದೇಶಕ ವಿಟಾಲಿ ಮಾನ್ಸ್ಕಿ ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್‌ಯಾಂಗ್‌ಗೆ ಹೋಗಿ, ಸರ್ಕಾರದ ಒಪ್ಪಿಗೆ ಪಡೆದು, ಸರ್ಕಾರವೇ ಬರೆದುಕೊಟ್ಟ ಕಥನವನ್ನು ಚಿತ್ರೀಕರಿಸಿದರು. ಚಿತ್ರ 2015ರಲ್ಲಿ ಹೊರಬಂತು. ಒಂದು ಮಾದರಿ ಕುಟುಂಬ, ಬಾಲಸಂಘಕ್ಕೆ ಸೇರಲಿರುವ ಮಗಳು, ಸಂತುಷ್ಟ ಕಾರ್ಮಿಕರು: ಅಧಿಕಾರಿಗಳು ಬಯಸಿದ್ದು ಇಷ್ಟು. ಬಾಲಕಿಯ ತಂದೆ ವೃತ್ತಿಯಿಂದ ಪತ್ರಕರ್ತ. ಚಿತ್ರಕ್ಕಾಗಿ ಆತನನ್ನು ಸಿದ್ಧ ಉಡುಪು ಕಾರ್ಖಾನೆಯ ಎಂಜಿನಿಯರ್ ಮಾಡಲಾಯಿತು. ತಾಯಿಗೆ ಸೋಯಾ ಹಾಲಿನ ಕಾರ್ಖಾನೆಯಲ್ಲಿ ಕೆಲಸ ಕೊಡಲಾಯಿತು. ದೃಶ್ಯ ಮುಗಿದ ನಂತರವೂ ಕ್ಯಾಮೆರಾವನ್ನು ಚಾಲೂ ಇಟ್ಟ ಮಾನ್ಸ್ಕಿ, ಅಧಿಕಾರಿಗಳ ತಪಾಸಣೆಗೆ ಸಿಗದ ಪ್ರತಿಗಳನ್ನು ಗುಟ್ಟಾಗಿ ಹೊರತಂದರು. ಹೀಗೆ ಪ್ರಚಾರಚಿತ್ರವೊಂದು ತನ್ನ ತಯಾರಿಕೆಯ ಕಥೆಯನ್ನು ತಾನೇ ಹೇಳತೊಡಗಿತು. ಉತ್ತರ ಕೊರಿಯಾ ಸಿಟ್ಟಾಗಿ ರಷ್ಯಾಕ್ಕೆ ಪ್ರತಿಭಟನೆ ಸಲ್ಲಿಸಿದ್ದು ಸಹಜವೇ.

ಬಾಗಿಲು ಮುಚ್ಚಿಕೊಂಡ ಸಮಾಜಗಳನ್ನೂ ತೀವ್ರವಾದಿ ರಾಜಕೀಯ ಚಳವಳಿಗಳನ್ನೂ ಕುರಿತ ಸಾಕ್ಷ್ಯಚಿತ್ರಗಳನ್ನು ನೋಡಬಯಸುವ ಓದುಗರಿಗೆ ಈ ಬರಹ ಒಂದು ಕೈಪಿಡಿ. ಅಂತರ್ಜಾಲದಲ್ಲಿ ಇಂಥ ಪಟ್ಟಿಗಳಿಗೆ ಕೊರತೆಯಿಲ್ಲ. ಆದರೆ ಬಹುತೇಕ ಪಟ್ಟಿಗಳು ಚಿತ್ರದಲ್ಲಿ ಏನಿದೆ ಎಂದು ಹೇಳುತ್ತವೆಯೇ ಹೊರತು, ಕ್ಯಾಮೆರಾವನ್ನು ಒಳಗೆ ಬಿಟ್ಟವರು ಯಾರು, ಯಾವ ಷರತ್ತಿನ ಮೇಲೆ, ಚಿತ್ರತಂಡ ವಿಮಾನ ಹತ್ತಿದ ಮೇಲೆ ಅಲ್ಲೇ ಉಳಿದವರ ಗತಿಯೇನು ಎಂಬುದನ್ನು ಕೇಳುವುದಿಲ್ಲ. ಈ ಪ್ರಕಾರದ ಚಿತ್ರಗಳಲ್ಲಿ ಆ ಪ್ರಶ್ನೆಗಳಿಗೆ ಸಿಗುವ ಉತ್ತರವೇ ಅರ್ಧ ಚಿತ್ರ.

ಅನುಮತಿ ಪಡೆದು ಹೋದವರು

ಇಲಾಖೆಯೊಂದರ ವಾಹನದಲ್ಲಿ ಮಾಧ್ಯಮ ಪ್ರವಾಸಕ್ಕೆ ಹೋಗಿ, ಮುಗಿದ ಕಾಮಗಾರಿಗಳನ್ನಷ್ಟೇ ನೋಡಿ, ಆಯ್ದ ಫಲಾನುಭವಿಗಳ ಮಾತನ್ನಷ್ಟೇ ಕೇಳಿ ಹಿಂದಿರುಗಿದ ಯಾವ ವರದಿಗಾರನಿಗೂ ಈ ವರ್ಗದ ಚಿತ್ರಗಳ ಕಷ್ಟ ಥಟ್ಟನೆ ಅರ್ಥವಾಗುತ್ತದೆ. ತೋರಿಸಿದ್ದು ಸುಳ್ಳಲ್ಲ, ಆದರೆ ರಸ್ತೆಯ ತಿರುವಿನಾಚೆ ಏನಿತ್ತೋ ತಿಳಿಯದು. ಕಣ್ಣಿಟ್ಟು ನೋಡುವವನಿಗೆ ಮಾತ್ರ ತೋರಿಸಿದ್ದರಲ್ಲಿಯೇ ಬಿರುಕುಗಳು ಕಾಣಿಸುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ ಬ್ರಿಟಿಷ್ ನಿರ್ದೇಶಕ ಡೇನಿಯಲ್ ಗೋರ್ಡನ್ ಅವರ ‘ಎ ಸ್ಟೇಟ್ ಆಫ್ ಮೈಂಡ್’ (2004). ಉತ್ತರ ಕೊರಿಯಾದ ಪ್ರಸಿದ್ಧ ಸಾಮೂಹಿಕ ಕವಾಯತಿಗೆ 2003ರಲ್ಲಿ ತಯಾರಾಗುತ್ತಿದ್ದ ಇಬ್ಬರು ಬಾಲಕಿಯರನ್ನು ಗೋರ್ಡನ್ ತಿಂಗಳುಗಟ್ಟಲೆ ಹಿಂಬಾಲಿಸಿದರು. ಅಣಕವಿಲ್ಲ, ಆರೋಪವಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಸರ್ಕಾರಿ ರೇಡಿಯೋ ಇದೆ; ಅದರ ಸದ್ದನ್ನು ತಗ್ಗಿಸಬಹುದು, ಪೂರ್ತಿ ನಿಲ್ಲಿಸಲಾಗದು. ಕರೆಂಟು ಹೋದಾಗ ಮನೆಯವರು ಅಮೆರಿಕವನ್ನು ದೂರುತ್ತಾರೆ. ಹುಡುಗಿಯರು ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ಅಭ್ಯಾಸ ಮಾಡುವುದು ನಾಯಕ ಕಿಮ್ ಜಾಂಗ್ ಇಲ್ ಒಮ್ಮೆಯಾದರೂ ತಮ್ಮನ್ನು ನೋಡಲಿ ಎಂಬ ಆಸೆಯಿಂದ. ಆತ ಬರುವುದಿಲ್ಲ. ಈ ಮಕ್ಕಳು ಗುಲಾಮರಂತೆ ಕಾಣುವುದಿಲ್ಲ. ಬೆಳಿಗ್ಗೆ ಏಳಲು ಸೋಮಾರಿತನ, ಅಮ್ಮನ ಗದರಿಕೆ, ಗೆಳತಿಯರ ತಮಾಷೆ ಎಲ್ಲ ಇದೆ. ಅಲ್ಲಿನ ಜನ ಕೀಲುಗೊಂಬೆಗಳಲ್ಲ ಎಂದು ತೋರಿಸಿದ್ದೇ ಈ ಚಿತ್ರದ ಸಾಧನೆ. ಉತ್ತರ ಕೊರಿಯಾ ಕುರಿತು ಒಂದೇ ಚಿತ್ರ ನೋಡುತ್ತೇನೆ ಎನ್ನುವವರಿಗೆ ನಾನು ಮಾನ್ಸ್ಕಿಯ ಚಿತ್ರಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ. ಎರಡನ್ನೂ ನೋಡುವವರು ಇದೇ ಕ್ರಮದಲ್ಲಿ ನೋಡಲಿ.

ಡೆನ್ಮಾರ್ಕಿನ ಮ್ಯಾಡ್ಸ್ ಬ್ರೂಗರ್ ಅವರ ‘ದಿ ರೆಡ್ ಚಾಪೆಲ್’ (2009) ಇದಕ್ಕೆ ತದ್ವಿರುದ್ಧ. ಸಾಂಸ್ಕೃತಿಕ ವಿನಿಮಯದ ಸೋಗಿನಲ್ಲಿ, ಕೊರಿಯಾ ಮೂಲದ ಇಬ್ಬರು ಡ್ಯಾನಿಶ್ ಹಾಸ್ಯನಟರನ್ನು ಕರೆದುಕೊಂಡು ಬ್ರೂಗರ್ ಪ್ಯೊಂಗ್‌ಯಾಂಗ್‌ಗೆ ಹೋಗುತ್ತಾರೆ. ಚಿತ್ರೀಕರಿಸಿದ್ದೆಲ್ಲವೂ ಅಧಿಕಾರಿಗಳ ಪರಿಶೀಲನೆಗೆ ಒಳಪಡುತ್ತಿತ್ತು. ಆದರೆ ನಟರಲ್ಲೊಬ್ಬರಾದ ಯಾಕೋಬ್‌ಗೆ ಮೆದುಳಿನ ಪಾರ್ಶ್ವವಾಯು ಇದೆ. ಅವರ ತೊದಲು ಡ್ಯಾನಿಶ್ ಭಾಷೆ ಸರ್ಕಾರದ ದುಭಾಷಿಗಳಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಅಷ್ಟೂ ಜನರ ನಡುವೆ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಬಲ್ಲವರು ಅವರೊಬ್ಬರೇ. ಅಮೆರಿಕ ವಿರೋಧಿ ಮೆರವಣಿಗೆಯಲ್ಲಿ ಬ್ರೂಗರ್ ಎಲ್ಲರಂತೆ ಮುಷ್ಟಿ ಎತ್ತುವಾಗ ಯಾಕೋಬ್ ಒಪ್ಪುವುದಿಲ್ಲ. ಇಲ್ಲಿ ನಿರ್ದೇಶಕನ ಬಗ್ಗೆಯೇ ಅಸಮಾಧಾನ ಹುಟ್ಟುತ್ತದೆ. ಮಾರ್ಗದರ್ಶಿಯಾಗಿ ನಿಯುಕ್ತಳಾದ ಮಹಿಳೆ ಯಾಕೋಬ್ ಮೇಲೆ ನಿಜವಾದ ಮಮತೆ ತೋರುತ್ತಾಳೆ. ಚಿತ್ರ ಹೊರಜಗತ್ತಿನಲ್ಲಿ ಪ್ರದರ್ಶನಗೊಂಡ ಮೇಲೆ ಆಕೆ ಉತ್ತರ ಹೇಳಬೇಕಾಗಿ ಬಂದಿರಬಹುದೇ ಎಂಬ ಅಳುಕು ನೋಡುಗನನ್ನು ಬಿಡುವುದಿಲ್ಲ. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆದ ಚಿತ್ರವಿದು. ಚುರುಕಾಗಿದೆ, ನಗಿಸುತ್ತದೆ. ನನಗೆ ಮಾತ್ರ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಅನುಮತಿ ಕೊಟ್ಟ ಸರ್ಕಾರಕ್ಕೆ ಎದುರಾಡದೆಯೂ ಅದರ ಕೆಂಗಣ್ಣಿಗೆ ಗುರಿಯಾಗಬಹುದು ಎಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ಇಟಲಿಯ ಮಿಕೆಲಾಂಜೆಲೊ ಆಂಟೋನಿಯೋನಿ ಚೀನಾದ ಆಹ್ವಾನದ ಮೇರೆಗೆ ಅಲ್ಲಿಗೆ ಹೋಗಿ ‘ಚುಂಗ್ ಕುವೊ, ಚೀನಾ’ (1972) ಎಂಬ ಮೂರೂವರೆ ಗಂಟೆಯ ಚಿತ್ರ ಮಾಡಿದರು. ಸಾಂಸ್ಕೃತಿಕ ಕ್ರಾಂತಿಯ ಕಾಲವದು. ಆಂಟೋನಿಯೋನಿ ಘೋಷಣೆಗಳ ಬದಲು ಮುಖಗಳನ್ನು ನೋಡಿದರು, ಬೀದಿಗಳಲ್ಲಿ ಅಲೆದರು. 1974ರ ಜನವರಿಯಲ್ಲಿ ‘ಪೀಪಲ್ಸ್ ಡೈಲಿ’ ಚಿತ್ರದ ವಿರುದ್ಧ ಹರಿಹಾಯ್ದಿತು. ಹೆಮ್ಮೆಯ ನಾನ್‌ಜಿಂಗ್ ಸೇತುವೆಯನ್ನು ಸೊಟ್ಟಗೆ ಕಾಣುವಂತೆ ಚಿತ್ರಿಸಿ, ಅದರಡಿ ಒಣಗಲು ಹಾಕಿದ್ದ ಪ್ಯಾಂಟುಗಳನ್ನೂ ತೋರಿಸಿದ್ದಾರೆ ಎಂಬುದು ಆರೋಪಗಳಲ್ಲೊಂದು! ಬೀಜಿಂಗ್‌ನಲ್ಲಿ ಈ ಚಿತ್ರ ಸಾರ್ವಜನಿಕವಾಗಿ ತೆರೆಕಂಡದ್ದು 2004ರಲ್ಲಿ. ನಿಧಾನಗತಿಯ ಚಿತ್ರ; ರಜಾದಿನಕ್ಕೆ ಮೀಸಲಿಡುವುದು ಲೇಸು.

ಕದ್ದು ಚಿತ್ರಿಸಿದವರು

2007ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬರ್ಮಾದ ಬೌದ್ಧ ಭಿಕ್ಷುಗಳು ಮಿಲಿಟರಿ ಆಡಳಿತದ ವಿರುದ್ಧ ಬೀದಿಗಿಳಿದಾಗ ವಿದೇಶಿ ವರದಿಗಾರರಿಗೆ ದೇಶ ಮುಚ್ಚಿತ್ತು. ಆದರೂ ರಂಗೂನಿನ ಬೀದಿಗಳ ದೃಶ್ಯಗಳನ್ನು ಜಗತ್ತಿನ ಎಲ್ಲ ಸುದ್ದಿವಾಹಿನಿಗಳೂ ತೋರಿಸಿದವು. ಓಸ್ಲೋದಿಂದ ಪ್ರಸಾರ ಮಾಡುತ್ತಿದ್ದ ‘ಡೆಮಾಕ್ರಟಿಕ್ ವಾಯ್ಸ್ ಆಫ್ ಬರ್ಮಾ’ ಸಂಸ್ಥೆಯ ಗುಪ್ತ ವರದಿಗಾರರು ಪುಟ್ಟ ಕ್ಯಾಮೆರಾಗಳನ್ನು ಚೀಲದಲ್ಲಿ, ಕಂಕುಳಡಿ ಅಡಗಿಸಿಟ್ಟು ತೆಗೆದ ದೃಶ್ಯಗಳವು. ಅವರ ಕಥೆಯೇ ಆಂಡರ್ಸ್ ಓಸ್ಟರ್‌ಗಾರ್ಡ್ ಅವರ ‘ಬರ್ಮಾ ವಿಜೆ’ (2008). ಜಪಾನಿನ ಛಾಯಾ ಪತ್ರಕರ್ತ ಕೆಂಜಿ ನಾಗಾಯಿ ಸೆಪ್ಟೆಂಬರ್ 27ರಂದು ಸೈನಿಕರ ಗುಂಡಿಗೆ ಉರುಳುವ ದೃಶ್ಯವೂ ಇದರಲ್ಲಿದೆ. ಕ್ಯಾಮೆರಾ ನಡುಗುತ್ತದೆ, ಓಡುತ್ತದೆ, ಯಾರದೋ ಬೆನ್ನ ಹಿಂದೆ ಅಡಗುತ್ತದೆ. ಹಿಡಿದವನ ಭಯ ನೋಡುಗನ ಕೈಗೂ ಇಳಿಯುತ್ತದೆ. ದೂರವಾಣಿ ಸಂಭಾಷಣೆಗಳಂಥ ಕೆಲವು ಭಾಗಗಳನ್ನು ಮರುಸೃಷ್ಟಿಸಲಾಗಿದೆ. ಚಿತ್ರ ಅದನ್ನು ಮೊದಲಿಗೇ ತಿಳಿಸುತ್ತದಾದರೂ, ಯಾವುದು ಅಸಲಿ, ಯಾವುದು ಮರುಸೃಷ್ಟಿ ಎಂದು ಪ್ರತಿ ಬಾರಿಯೂ ಗುರುತು ಹಾಕಿದ್ದರೆ ಒಳ್ಳೆಯದಿತ್ತು. ಚಿತ್ರ ಆಸ್ಕರ್‌ಗೆ ನಾಮಕರಣಗೊಂಡಿತ್ತು.

ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರ ಫೆಬ್ರವರಿ 1ರಂದು ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡಿತು. ಮಾರ್ಚ್‌ನಲ್ಲಿ ಡೆಮಾಕ್ರಟಿಕ್ ವಾಯ್ಸ್‌ನ ಪರವಾನಗಿ ರದ್ದಾಯಿತು. ಅನಂತರ ಬಂದ ‘ಮ್ಯಾನ್ಮಾರ್ ಡೈರೀಸ್’ (2022) ಹತ್ತಾರು ತುಣುಕುಗಳನ್ನು ಹೆಣೆದ ಚಿತ್ರ. ನಿರ್ದೇಶಕರ ಹೆಸರಿನ ಜಾಗದಲ್ಲಿ ಇರುವುದು ಮ್ಯಾನ್ಮಾರ್ ಫಿಲ್ಮ್ ಕಲೆಕ್ಟಿವ್ ಎಂದಷ್ಟೆ. ಬರ್ಲಿನ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರ ಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಕಲ್ಪಿತ ದೃಶ್ಯಗಳಿಗೂ ಮೊಬೈಲಿನಲ್ಲಿ ಸೆರೆಹಿಡಿದ ವಾಸ್ತವಕ್ಕೂ ನಡುವೆ ಗೆರೆ ಎಳೆದಿಲ್ಲ. ಅಮ್ಮನನ್ನು ಕರೆದೊಯ್ಯಲು ಬಂದ ಪಡೆಯೆದುರು ಮಗುವಿನ ಅಳು ಕೇಳಿದಾಗ ಆ ಗೆರೆಯ ಚಿಂತೆ ಉಳಿಯುವುದೂ ಇಲ್ಲ.

ಉತ್ತರ ಕೊರಿಯಾದಿಂದ ತಪ್ಪಿಸಿಕೊಳ್ಳುವವರ ಜೊತೆಗೇ ನಡೆದ ಚಿತ್ರ ಮೆಡ್ಲಿನ್ ಗ್ಯಾವಿನ್ ಅವರ ‘ಬಿಯಾಂಡ್ ಯುಟೋಪಿಯಾ’ (2023). ಇಬ್ಬರು ಪುಟ್ಟ ಹೆಣ್ಣುಮಕ್ಕಳು, ಎಂಬತ್ತರ ಅಜ್ಜಿ ಸೇರಿ ಐದು ಜನರ ಕುಟುಂಬ ಯಾಲು ನದಿ ದಾಟಿ ಚೀನಾ, ವಿಯೆಟ್ನಾಂ, ಲಾವೋಸ್ ಮೂಲಕ ಥಾಯ್ಲೆಂಡ್ ತಲುಪುತ್ತದೆ. ದಾರಿಯ ಹಲವು ದೃಶ್ಯಗಳನ್ನು ತೆಗೆದವರು ಮನುಷ್ಯರನ್ನು ಸಾಗಿಸುವ ದಲ್ಲಾಳಿಗಳೇ, ತಮ್ಮ ಫೋನುಗಳಲ್ಲಿ. ಕತ್ತಲ ಕಾಡಿನಲ್ಲಿ ಏದುಸಿರು ಬಿಡುತ್ತ ನಡೆದ ಅಜ್ಜಿ, ಬಿಟ್ಟುಬಂದ ದೇಶದ ನಾಯಕನ ಬಗ್ಗೆ ಕೇಳಿದಾಗ ಮೆಚ್ಚುಗೆಯನ್ನೇ ಆಡುತ್ತಾಳೆ. ದೇಶ ಬಿಟ್ಟ ಮಾತ್ರಕ್ಕೆ ದೇಶ ಕಲಿಸಿದ್ದು ಬಿಟ್ಟುಹೋಗುವುದಿಲ್ಲ. ಎರಡು ಗಂಟೆಯ ಚಿತ್ರದಲ್ಲಿ ಬೆನ್ನಟ್ಟುವಿಕೆಯ ರೋಚಕತೆ ಸಾಕಷ್ಟಿದೆ. ನನ್ನ ಮಟ್ಟಿಗೆ ಅಜ್ಜಿಯ ಆ ಕೆಲವು ಮಾತುಗಳ ತೂಕವೇ ಹೆಚ್ಚು.

ಚಿತ್ರವೇ ಇಲ್ಲದ ಕಾಲ

ಕೆಲವು ಆಡಳಿತಗಳು ತಮ್ಮ ಕ್ರೌರ್ಯದ ಚಿತ್ರವನ್ನೇ ಉಳಿಸುವುದಿಲ್ಲ. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್ ಹೊಕ್ಕು ಇಡೀ ನಗರವನ್ನು ಖಾಲಿ ಮಾಡಿಸಿತು. 1979ರ ಜನವರಿಯಲ್ಲಿ ಆ ಆಡಳಿತ ಕುಸಿಯುವಷ್ಟರಲ್ಲಿ ಸುಮಾರು 17 ಲಕ್ಷ ಜನ ಹಸಿವು, ರೋಗ, ದುಡಿಮೆ ಮತ್ತು ಕೊಲೆಗೆ ಬಲಿಯಾಗಿದ್ದರು. ತಂದೆ, ತಾಯಿ, ಒಡಹುಟ್ಟಿದವರನ್ನು ಕಳೆದುಕೊಂಡು ಬದುಕುಳಿದ ಬಾಲಕ ರಿಥಿ ಪಾನ್ ಮುಂದೆ ಫ್ರಾನ್ಸಿನಲ್ಲಿ ಚಲನಚಿತ್ರ ಕಲಿತರು. ಈ ಇಡೀ ಪಟ್ಟಿಯಲ್ಲಿ ಒಬ್ಬನೇ ನಿರ್ದೇಶಕನನ್ನು ಆರಿಸಿ ಎಂದರೆ ನನ್ನ ಆಯ್ಕೆ ಅವರೇ.

‘ಎಸ್-21: ದಿ ಖ್ಮೇರ್ ರೂಜ್ ಕಿಲ್ಲಿಂಗ್ ಮೆಷಿನ್’ (2003) ನಡೆಯುವುದು ಒಂದು ಕಟ್ಟಡದಲ್ಲಿ. ಅದು ಹಿಂದೆ ಶಾಲೆಯಾಗಿತ್ತು, ಅನಂತರ ಸೆರೆಮನೆಯಾಯಿತು, ಈಗ ವಸ್ತುಸಂಗ್ರಹಾಲಯ. ಕನಿಷ್ಠ 12 ಸಾವಿರ ಜನರನ್ನು ಇಲ್ಲಿಂದ ಸಾವಿಗೆ ಕಳುಹಿಸಲಾಯಿತು. ಬದುಕಿ ಬಂದವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಚಿತ್ರಕಾರ ವಾನ್ ನಾತ್. ನಾಯಕ ಪೋಲ್ ಪಾಟ್‌ನ ಭಾವಚಿತ್ರಗಳನ್ನು ಬರೆಯಬಲ್ಲವರಾಗಿದ್ದುದರಿಂದ ಅವರ ಜೀವ ಉಳಿಯಿತು. ಪಾನ್ ಅವರನ್ನೂ ಅಂದಿನ ಕಾವಲುಗಾರರನ್ನೂ ಅದೇ ಕೋಣೆಗಳಿಗೆ ಕರೆತಂದು ಎದುರುಬದುರು ಕೂರಿಸುತ್ತಾರೆ. ನಾತ್ ದನಿ ಏರಿಸುವುದಿಲ್ಲ. ನೀವು ಮಾಡಿದ್ದೇನು, ಆಗ ಏನು ಯೋಚಿಸುತ್ತಿದ್ದಿರಿ ಎಂದು ಸಾವಧಾನವಾಗಿ ಕೇಳುತ್ತ ಹೋಗುತ್ತಾರೆ. ನಾವು ಚಿಕ್ಕವರಿದ್ದೆವು, ಹೇಳಿದಂತೆ ಮಾಡಿದೆವು ಎಂಬುದು ಬರುವ ಉತ್ತರ.

ಮರೆಯಲಾಗದ ದೃಶ್ಯವೊಂದಿದೆ. ಹದಿಹರೆಯದಲ್ಲಿ ಕಾವಲುಗಾರನಾಗಿದ್ದವನು ಖಾಲಿ ಕೋಣೆಯಲ್ಲಿ ತನ್ನ ಅಂದಿನ ರಾತ್ರಿಪಾಳಿಯನ್ನು ಮಾಡಿ ತೋರಿಸುತ್ತಾನೆ. ಇಲ್ಲದ ಬೀಗ ತೆಗೆಯುತ್ತಾನೆ, ಇಲ್ಲದ ಕೈದಿಗಳನ್ನು ಗದರಿಸುತ್ತಾನೆ, ಇಲ್ಲದ ನೀರಿನ ಬಟ್ಟಲನ್ನು ಚಾಚುತ್ತಾನೆ. ಮಾತಿನಲ್ಲಿ ತಡವರಿಸುತ್ತಿದ್ದವನ ದೇಹಕ್ಕೆ ಎಲ್ಲವೂ ನೆನಪಿದೆ. ಅವನು ಕೋಣೆಯೊಳಗೆ ಹೋದಾಗ ಕ್ಯಾಮೆರಾ ಬಾಗಿಲ ಬಳಿಯೇ ನಿಲ್ಲುತ್ತದೆ. ಒಳಗೆ ಕಾಲಿಟ್ಟರೆ ನೆಲದ ಮೇಲೆ ಮಲಗಿದ್ದವರನ್ನು ತುಳಿದಂತಾದೀತು ಎಂಬ ಹಾಗೆ.

ಹತ್ತು ವರ್ಷಗಳ ನಂತರ ಪಾನ್ ತಮ್ಮದೇ ಕುಟುಂಬದ ಕಥೆಗೆ ಕೈಹಾಕಿದರು. ‘ದಿ ಮಿಸ್ಸಿಂಗ್ ಪಿಕ್ಚರ್’ (2013), ಅಂದರೆ ಕಾಣೆಯಾದ ಚಿತ್ರ. ಆ ಕಾಲದಿಂದ ಉಳಿದಿರುವುದು ಖ್ಮೇರ್ ರೂಜ್‌ನ ಪ್ರಚಾರ ದೃಶ್ಯಗಳು ಮಾತ್ರ: ನಗುಮೊಗದ ರೈತರು, ಸಾಲುಸಾಲು ಬುಟ್ಟಿಗಳು. ತಂದೆ ಅನ್ನ ನೀರು ಬಿಟ್ಟು ಸತ್ತದ್ದು, ಮಕ್ಕಳು ಹಸಿದು ಸತ್ತದ್ದು ಯಾವ ರೀಲಿನಲ್ಲೂ ಇಲ್ಲ. ಅದನ್ನು ಪಾನ್ ಜೇಡಿಮಣ್ಣಿನ ಪುಟ್ಟ ಬೊಂಬೆಗಳಿಂದ ಕಟ್ಟಿದರು. ಬೊಂಬೆಗಳು ಅಲುಗಾಡುವುದಿಲ್ಲ. ಒಂದು ಬಾಲಕನ ಬೊಂಬೆಗೆ ಮಾತ್ರ, ಎಲ್ಲರಿಗೂ ಕಡ್ಡಾಯವಾಗಿದ್ದ ಕಪ್ಪು ಬಟ್ಟೆಯ ನಡುವೆ, ಬಣ್ಣದ ಅಂಗಿ. ಕಾನ್ ಚಿತ್ರೋತ್ಸವದ ‘ಅನ್ ಸರ್ಟೆನ್ ರಿಗಾರ್ಡ್’ ವಿಭಾಗದ ಪ್ರಶಸ್ತಿ ಪಡೆದು ಆಸ್ಕರ್‌ಗೆ ನಾಮಕರಣಗೊಂಡ ಕಾಂಬೋಡಿಯಾದ ಮೊದಲ ಚಿತ್ರವಿದು.

ಚೀನಾದ ಹು ಜೀ ಅವರ ‘ದೋ ಐ ಆ್ಯಮ್ ಗಾನ್’ (2006) ಹೊರಗೆ ಅಷ್ಟು ಪ್ರಚಾರ ಪಡೆದಿಲ್ಲ, ಪಡೆಯಬೇಕಿತ್ತು. 1966ರ ಆಗಸ್ಟ್ 5ರಂದು ಬೀಜಿಂಗ್‌ನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪ ಮುಖ್ಯೋಪಾಧ್ಯಾಯಿನಿ ಬಿಯಾನ್ ಜಾಂಗ್‌ಯುನ್ ಅವರನ್ನು ವಿದ್ಯಾರ್ಥಿನಿಯರೇ ಹೊಡೆದು ಕೊಂದರು. ಸಾಂಸ್ಕೃತಿಕ ಕ್ರಾಂತಿ ಆಗಷ್ಟೇ ಆರಂಭವಾಗಿತ್ತು. ಪತಿ ವಾಂಗ್ ಜಿಂಗ್‌ಯಾವೊ ಕ್ಯಾಮೆರಾವೊಂದನ್ನು ಕೊಂಡು ತಂದು ಪತ್ನಿಯ ಶವದ ಚಿತ್ರಗಳನ್ನು ತೆಗೆದರು. ರಕ್ತದ ಕಲೆಯ ಬಟ್ಟೆಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದರು. ನಲವತ್ತು ವರ್ಷಗಳ ನಂತರ ಮುದುಕರಾದ ವಾಂಗ್ ಆ ಪೆಟ್ಟಿಗೆ ತೆರೆಯುವುದನ್ನು ಹು ಜೀ ಚಿತ್ರೀಕರಿಸಿದ್ದಾರೆ. ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ಅವಧಿಯ, ಬಹುಮಟ್ಟಿಗೆ ಕಪ್ಪು-ಬಿಳುಪಿನ ಈ ಚಿತ್ರಕ್ಕೆ ವಿವರಣೆಯ ಹಂಗಿಲ್ಲ.

ಕೊಂದವರೇ ನಟರಾದಾಗ

ಇಂಡೊನೇಷ್ಯಾದಲ್ಲಿ 1965-66ರಲ್ಲಿ ಕಮ್ಯುನಿಸ್ಟರೆಂಬ ಹಣೆಪಟ್ಟಿ ಹಚ್ಚಿ ಐದರಿಂದ ಹತ್ತು ಲಕ್ಷ ಜನರನ್ನು ಕೊಂದರೆಂದು ಅಂದಾಜು. ಕಾಂಬೋಡಿಯಾದಲ್ಲಿ ಕೊಂದವರು ಸೋತರು, ಇಲ್ಲಿ ಗೆದ್ದರು. ಅಮೆರಿಕ ಮೂಲದ ಜೋಶುವಾ ಓಪನ್‌ಹೈಮರ್ ಅವರ ‘ದಿ ಆ್ಯಕ್ಟ್ ಆಫ್ ಕಿಲ್ಲಿಂಗ್’ (2012) ಚಿತ್ರದಲ್ಲಿ ಮೇದಾನ್ ನಗರದ ಆನ್ವರ್ ಕಾಂಗೊ ಎಂಬ ಹಂತಕ ತಾನು ಕೊಂದ ಬಗೆಯನ್ನು ಹೆಮ್ಮೆಯಿಂದ ಅಭಿನಯಿಸುತ್ತಾನೆ. ತಂತಿಯಿಂದ ಕೊರಳು ಬಿಗಿಯುವುದು ಹೇಗೆಂದು ತಾರಸಿಯ ಮೇಲೆ ತೋರಿಸಿ, ಮರುಕ್ಷಣ ಕುಣಿಯುತ್ತಾನೆ. ಚಿತ್ರದ ಕೊನೆಗೆ ಅದೇ ತಾರಸಿಯಲ್ಲಿ ಅವನಿಗೆ ಓಕರಿಕೆ ಬರುತ್ತದೆ. ಅದು ಪಶ್ಚಾತ್ತಾಪವೋ, ಇನ್ನೊಂದು ನಟನೆಯೋ ಎಂಬ ಚರ್ಚೆ ಇಂದಿಗೂ ಇದೆ. ಕಾಂಗೊ 2019ರಲ್ಲಿ ಮೃತಪಟ್ಟ. ಅವನಿಗೆ ಶಿಕ್ಷೆಯಾಗಲೇ ಇಲ್ಲ.

ಈ ಚಿತ್ರದ ಬಗ್ಗೆ ಒಂದು ತಕರಾರು ನ್ಯಾಯವಾದದ್ದು: ಸತ್ತವರ ಕಡೆಯವರಿಗೆ ಇಲ್ಲಿ ಜಾಗ ಕಡಿಮೆ. ಓಪನ್‌ಹೈಮರ್ ಅದಕ್ಕೆ ‘ದಿ ಲುಕ್ ಆಫ್ ಸೈಲೆನ್ಸ್’ (2014) ಚಿತ್ರದಲ್ಲಿ ಉತ್ತರಿಸಿದ್ದಾರೆ. ಹತ್ಯಾಕಾಂಡದಲ್ಲಿ ಅಣ್ಣನನ್ನು ಕಳೆದುಕೊಂಡ ನಂತರ ಹುಟ್ಟಿದ ತಮ್ಮ ಕಣ್ಣು ಪರೀಕ್ಷಕ. ಅಣ್ಣನನ್ನು ಕೊಂದವರ ಮನೆಗಳಿಗೇ ಹೋಗಿ, ಕನ್ನಡಕದ ಗಾಜುಗಳನ್ನು ಬದಲಿಸುತ್ತ, ಅಂದು ನಡೆದದ್ದನ್ನು ಕೇಳುತ್ತಾನೆ. ಅವರು ಇಂದೂ ಊರಿನ ಬಲಾಢ್ಯರು. ಕೇಳಿದ್ದಕ್ಕಾಗಿ ಆತನ ಕುಟುಂಬ ಊರು ಬಿಟ್ಟು ದೇಶದ ಇನ್ನೊಂದು ಭಾಗಕ್ಕೆ ಹೋಗಬೇಕಾಯಿತು. ಎರಡರಲ್ಲಿ ಒಂದನ್ನೇ ನೋಡುವುದಾದರೆ ಇದನ್ನು ನೋಡಿ.

ಪಂಥದ ಗೋಡೆಯೊಳಗೆ

ಮುಚ್ಚಿದ ಸಮಾಜಕ್ಕೆ ದೇಶದಷ್ಟು ದೊಡ್ಡ ಗೋಡೆಯೇ ಬೇಕೆಂದಿಲ್ಲ. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲ ಹರಡಿದ ಓಂ ಶಿನ್‌ರಿಕ್ಯೊ ಪಂಥದ ಉಳಿದ ಅನುಯಾಯಿಗಳ ಜೊತೆ ಬೆರೆತು ತಾತ್ಸುಯಾ ಮೋರಿ ಮಾಡಿದ ಚಿತ್ರ ‘ಎ’ (1998). ಪಂಥದ ವಕ್ತಾರನಾದ ಯುವಕನ ಬೆನ್ನ ಹಿಂದೆ ನಿಂತು ಮೋರಿ ಹೊರಗಿನ ಜಪಾನನ್ನು ಚಿತ್ರಿಸುತ್ತಾರೆ: ಮುತ್ತಿಗೆ ಹಾಕಿದ ಪತ್ರಕರ್ತರು, ಬೈಯುವ ನೆರೆಹೊರೆ, ಪೊಲೀಸರು. ಒಂದೆಡೆ ಪೊಲೀಸನೊಬ್ಬ ತಾನೇ ಬಿದ್ದು, ಕರ್ತವ್ಯಕ್ಕೆ ಅಡ್ಡಿಪಡಿಸಿದನೆಂದು ಅನುಯಾಯಿಯೊಬ್ಬನನ್ನು ಬಂಧಿಸುತ್ತಾನೆ. ಮೋರಿಯ ಕ್ಯಾಮೆರಾ ಅದನ್ನು ಸೆರೆಹಿಡಿದಿತ್ತು. ಆ ದೃಶ್ಯವೇ ಬಂಧಿತನ ಬಿಡುಗಡೆಗೆ ನೆರವಾಯಿತು. ಮೋರಿ ಪಂಥವನ್ನು ಸಮರ್ಥಿಸುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಗುರುವನ್ನು ಬಿಡದ ಆ ಸೌಮ್ಯ ಯುವಕ ಯಾಕೆ ಹಾಗೆ ಎಂಬುದು ನಮಗೆ ಕೊನೆಯವರೆಗೂ ಬಗೆಹರಿಯದು. ಗೋಡೆಯ ಹೊರಗಿದ್ದವರು, ಅದರಲ್ಲಿಯೂ ನನ್ನ ವೃತ್ತಿಯವರು, ಈ ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದಷ್ಟೇ ಹೇಳಬಲ್ಲೆ.

1978ರ ನವೆಂಬರ್ 18ರಂದು ಗಯಾನಾದ ಕಾಡಿನಲ್ಲಿ ಒಂಬೈನೂರಕ್ಕೂ ಹೆಚ್ಚು ಅನುಯಾಯಿಗಳು ಸತ್ತ ಪೀಪಲ್ಸ್ ಟೆಂಪಲ್ ದುರಂತವನ್ನು ಸ್ಟ್ಯಾನ್ಲಿ ನೆಲ್ಸನ್ ಅವರ ‘ಜೋನ್ಸ್‌ಟೌನ್’ (2006) ವಿವರಿಸುತ್ತದೆ. ವರ್ಣಭೇದವಿಲ್ಲದ ಸಮಾಜದ ಕನಸು ಕಂಡು ಬಂದವರು ಅವರೆಂಬುದನ್ನು ಅದು ಮರೆಯುವುದಿಲ್ಲ. ಭಾರತೀಯರಿಗೆ ಹೆಚ್ಚು ಪರಿಚಿತವಾದ ಕಥೆ ನೆಟ್‌ಫ್ಲಿಕ್ಸ್‌ನ ಆರು ಕಂತುಗಳ ‘ವೈಲ್ಡ್ ವೈಲ್ಡ್ ಕಂಟ್ರಿ’ (2018). ಪುಣೆಯಿಂದ ಅಮೆರಿಕದ ಓರೆಗಾನ್‌ಗೆ ಹೋದ ರಜನೀಶ್ ಮತ್ತು ಕಾರ್ಯದರ್ಶಿ ಮಾ ಆನಂದ್ ಶೀಲಾ ಕಟ್ಟಿದ ನಗರ, ಸ್ಥಳೀಯರೊಂದಿಗಿನ ಜಟಾಪಟಿ, 1984ರಲ್ಲಿ ಹೋಟೆಲುಗಳ ಆಹಾರಕ್ಕೆ ಸಾಲ್ಮೊನೆಲ್ಲಾ ಬೆರೆಸಿ 751 ಜನರನ್ನು ಅಸ್ವಸ್ಥಗೊಳಿಸಿದ ಕೃತ್ಯ ಎಲ್ಲವೂ ಇಲ್ಲಿದೆ. ರಂಜನೆ ಭರಪೂರ. ಶೀಲಾರ ಮಾತಿನ ಮೋಡಿಗೆ ನಿರ್ದೇಶಕರು ಸ್ವಲ್ಪ ಹೆಚ್ಚಾಗಿಯೇ ಒಳಗಾಗಿದ್ದಾರೆ.

ಚಳವಳಿಯ ಒಳಗಿನವರು

ಸ್ಯಾಮ್ ಗ್ರೀನ್ ಮತ್ತು ಬಿಲ್ ಸೀಗಲ್ ಅವರ ‘ದಿ ವೆದರ್ ಅಂಡರ್‌ಗ್ರೌಂಡ್’ (2002) ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಬಾಂಬು ಹಿಡಿದ ಅಮೆರಿಕದ ಯುವಜನರ ಕಥೆ. 1970ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಮನೆಯೊಂದರಲ್ಲಿ ಬಾಂಬು ಸಿದ್ಧಪಡಿಸುವಾಗ ಸ್ಫೋಟಗೊಂಡು ಮೂವರು ಸದಸ್ಯರೇ ಸತ್ತರು. ಮೂವತ್ತು ವರ್ಷಗಳ ನಂತರ ಕ್ಯಾಮೆರಾದ ಮುಂದೆ ಕೂತ ಹಳೆಯ ಸಂಗಾತಿಗಳಲ್ಲಿ ಕೆಲವರಿಗೆ ವಿಷಾದ, ಕೆಲವರಿಗೆ ಹೆಮ್ಮೆ. ತಾನು ಮಾಡಿದ್ದನ್ನು ಏನೆಂದು ಕರೆಯಬೇಕೋ ತಿಳಿಯದೆ ತೊಳಲುವ ಮಾರ್ಕ್ ರಡ್ ಅವರ ಮುಖವೇ ಚಿತ್ರದ ತಿರುಳು.

ನಮ್ಮ ದೇಶಕ್ಕೆ ಬಂದರೆ, ಸಂಜಯ್ ಕಾಕ್ ಅವರ ‘ರೆಡ್ ಆ್ಯಂಟ್ ಡ್ರೀಮ್’ (2013) ಬಸ್ತರ್‌ನ ಕಾಡಿನಲ್ಲಿ ಮಾವೋವಾದಿಗಳ ಜೊತೆ ನಡೆಯುತ್ತದೆ, ನಿಯಮಗಿರಿಯ ಆದಿವಾಸಿಗಳನ್ನೂ ಪಂಜಾಬಿನ ಕ್ರಾಂತಿಕಾರಿ ನೆನಪುಗಳನ್ನೂ ಜೋಡಿಸುತ್ತದೆ. ಕಾಕ್ ಅವರ ಸಹಾನುಭೂತಿ ಎತ್ತ ಎಂಬುದು ಗುಟ್ಟಲ್ಲ. ಬಂದೂಕಿನ ನಡುವೆ ಸಿಕ್ಕಿಕೊಂಡ ಹಳ್ಳಿಗರ ಮಾತು ಸಾಲದು ಎನ್ನಿಸಿತು. 2005ರಲ್ಲಿ ಸಾಕೇತ್ ರಾಜನ್ ಎನ್‌ಕೌಂಟರ್‌ನಿಂದ ಹಿಡಿದು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಆರು ಮಂದಿ ಶರಣಾದವರೆಗೆ ಮಲೆನಾಡಿನ ನಕ್ಸಲ್ ಸುದ್ದಿಯನ್ನು ಪೊಲೀಸ್ ಪ್ರಕಟಣೆಗಳಲ್ಲೇ ಓದಿದ ನಮಗೆ, ಕಾಡಿನೊಳಗಿನ ದಿನಚರಿ ಕಣ್ಣಾರೆ ಕಾಣುವುದೇ ಒಂದು ಅನುಭವ.

ನಿಶಾ ಪಹುಜಾ ಅವರ ‘ದಿ ವರ್ಲ್ಡ್ ಬಿಫೋರ್ ಹರ್’ (2012) ಎರಡು ಶಿಬಿರಗಳನ್ನು ಅಕ್ಕಪಕ್ಕ ಇಡುತ್ತದೆ. ಒಂದು, ಮಿಸ್ ಇಂಡಿಯಾ ಸ್ಪರ್ಧಿಗಳ ತರಬೇತಿ. ಇನ್ನೊಂದು, ಬಾಲಕಿಯರಿಗೆ ಹೋರಾಟ ಕಲಿಸುವ ದುರ್ಗಾ ವಾಹಿನಿಯ ತರಬೇತಿ. ಎರಡನ್ನು ಕೂಡಿಸುವ ಎಳೆ ಅನಿರೀಕ್ಷಿತವಾದದ್ದು. 2009ರ ಮಿಸ್ ಇಂಡಿಯಾ ಪೂಜಾ ಚೋಪ್ರಾರ ತಾಯಿ, ಹುಟ್ಟಿದ ಹೆಣ್ಣುಮಗುವನ್ನು ಉಳಿಸಿಕೊಳ್ಳಲು ಗಂಡನನ್ನೇ ಬಿಟ್ಟುಬಂದವರು. ಇತ್ತ ವಾಹಿನಿಯ ಯುವ ತರಬೇತುದಾರಳು, ಹೊಡೆಯುವ ತಂದೆಯ ಬಗ್ಗೆ, ಹೆಣ್ಣಾಗಿ ಹುಟ್ಟಿದರೂ ನನ್ನನ್ನು ಬದುಕಲು ಬಿಟ್ಟನಲ್ಲ ಎಂದು ಕೃತಜ್ಞತೆ ಸೂಚಿಸುತ್ತಾಳೆ. ಪಹುಜಾ ಯಾರನ್ನೂ ಹಂಗಿಸುವುದಿಲ್ಲ. ವರ್ಷಗಟ್ಟಲೆ ಹೋಗಿಬಂದು ಗಳಿಸಿದ ನಂಬಿಕೆಯಿಂದ ಮಾತ್ರ ಇಂಥ ಮಾತು ಕ್ಯಾಮೆರಾದ ಮುಂದೆ ಬಂದೀತು.

ಆನಂದ್ ಪಟವರ್ಧನ್ ಅವರ ‘ವಿವೇಕ್’ (2018) ಕನ್ನಡಿಗರಿಗೆ ದೂರದ ಚಿತ್ರವಲ್ಲ. ಸುಮಾರು ನಾಲ್ಕು ಗಂಟೆಯ ಈ ಚಿತ್ರ ನರೇಂದ್ರ ದಾಭೋಲ್ಕರ್ ಮತ್ತು ಗೋವಿಂದ ಪಾನ್ಸರೆ ಅವರ ಹತ್ಯೆಗಳಿಂದ ಹೊರಟು, 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯ ಮುಂದೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾದಲ್ಲಿಗೆ ಬರುತ್ತದೆ. ಆಂಸ್ಟರ್‌ಡ್ಯಾಮ್ ಸಾಕ್ಷ್ಯಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರವೆನಿಸಿಕೊಂಡ ಇದಕ್ಕೆ, 2019ರಲ್ಲಿ ಕೇರಳದ ಚಿತ್ರೋತ್ಸವದಲ್ಲಿ ಪ್ರದರ್ಶನದ ವಿನಾಯಿತಿಯನ್ನು ಕೇಂದ್ರ ಸರ್ಕಾರ ನೀಡಲಿಲ್ಲ; ಹೈಕೋರ್ಟ್ ಅನುಮತಿ ಕೊಟ್ಟಿತು. ಪಟವರ್ಧನ್ ವಾದ ಮಂಡಿಸುವ ನಿರ್ದೇಶಕ, ನಿಷ್ಪಕ್ಷಪಾತಿ ಎಂದು ಅವರು ಹೇಳಿಕೊಳ್ಳುವುದೂ ಇಲ್ಲ. ಅವರನ್ನು ಒಪ್ಪದವರೂ ನೋಡಬೇಕಾದ ಚಿತ್ರವಿದು, ಏಕೆಂದರೆ ಚಿತ್ರದಲ್ಲಿರುವ ಸಭೆ, ಭಾಷಣ, ಘೋಷಣೆಗಳು ಎದುರಾಳಿಗಳ ಬಾಯಿಂದಲೇ ಬಂದವು. ಯೂಟ್ಯೂಬ್‌ನಲ್ಲಿ ಭಾಗಭಾಗವಾಗಿ ಪ್ರಕಟವಾಗಿದೆ. ಇದರ ಜೊತೆಗೆ ಕವಿತಾ ಲಂಕೇಶ್ ಅಕ್ಕನನ್ನು ಕುರಿತು ಮಾಡಿದ ‘ಗೌರಿ’ (2022) ಚಿತ್ರವನ್ನೂ ಸೇರಿಸಿಕೊಳ್ಳಬಹುದು.

ನೋಡುವ ಬಗೆಯ ಕುರಿತು ಎರಡು ಮಾತು. ಇವುಗಳಲ್ಲಿ ಒಂದೂ ಮಕ್ಕಳಿಗಲ್ಲ, ‘ಎ ಸ್ಟೇಟ್ ಆಫ್ ಮೈಂಡ್’ ಒಂದರ ಹೊರತು. ಒಂದೇ ವಾರಾಂತ್ಯದಲ್ಲಿ ಮೂರು ನಾಲ್ಕನ್ನು ನೋಡಿ ಮುಗಿಸುವ ಚಿತ್ರಗಳೂ ಅಲ್ಲ. ‘ಎಸ್-21’ ನೋಡಿದ ಮರುದಿನ ನಾನು ಬೇರೇನನ್ನೂ ನೋಡಲಾಗಲಿಲ್ಲ. ಸಾಧ್ಯವಾದರೆ ನಾಲ್ಕು ಜನ ಕೂಡಿ ನೋಡಿ, ನಂತರ ಮಾತನಾಡಿ. ಬೆಂಗಳೂರಿನ ಸುಚಿತ್ರಾ, ಹೆಗ್ಗೋಡಿನ ನೀನಾಸಂ ಚಿತ್ರಸಮಾಜಗಳು ಎಪ್ಪತ್ತರ ದಶಕದಿಂದ ಕನ್ನಡಿಗರಿಗೆ ಕಲಿಸಿದ ರೂಢಿಯದು.

ಇನ್ನೊಂದು: ಚಿತ್ರ ಮುಗಿದೊಡನೆ ಎದ್ದು ಹೋಗಬೇಡಿ. ‘ದಿ ಆ್ಯಕ್ಟ್ ಆಫ್ ಕಿಲ್ಲಿಂಗ್’ ಕೊನೆಗೆ ದುಡಿದವರ ಹೆಸರುಗಳು ಮೇಲಕ್ಕೆ ಸರಿಯುತ್ತವೆ. ಸಹನಿರ್ದೇಶಕ: ಅನಾಮಿಕ. ಛಾಯಾಗ್ರಹಣ, ಧ್ವನಿ, ನಿರ್ಮಾಣ ವ್ಯವಸ್ಥೆ, ವಾಹನ ಚಾಲನೆ, ಒಂದೊಂದರ ಮುಂದೆಯೂ ಅದೇ ಪದ. ಹೊರಗಿನಿಂದ ಬಂದವರ ಹೆಸರುಗಳಿವೆ. ಇಂಡೊನೇಷ್ಯಾದಲ್ಲೇ ಉಳಿಯಬೇಕಾದವರ ಹೆಸರುಗಳಿಲ್ಲ. ಪರದೆಯ ಮೇಲೆ ಆ ಪಟ್ಟಿ ಸಾಕಷ್ಟು ಹೊತ್ತು ಸಾಗುತ್ತದೆ.